ಜಮೀನಿಗೆ ಮಾತ್ರ ಗೊತ್ತಿರುವ ಊರು

(ಪಶ್ಚಿಮ ಸಿಡ್ನಿಯ ಗ್ರಂಥಾಲಯವೊಂದರಲ್ಲಿ ಕನ್ನಡಿಗರ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಅವತ್ತು ಪರದೆಯ ಮೇಲೆ ನಕ್ಷೆಗಳಿದ್ದವು. ಇಲ್ಲಿ ಅವು ಇಲ್ಲದ್ದರಿಂದ ಅಲ್ಲಲ್ಲಿ ನಾಲ್ಕು ಮಾತು ಹೆಚ್ಚಾಗಿದೆ.)

ಎಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದೆ ಗೆಳೆಯನೊಬ್ಬ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ. ಹ್ಯಾರಿಸ್ ಪಾರ್ಕಿನಲ್ಲಿ ಮನೆ ನೋಡಿ, ಮುಂಗಡ ಕೊಡುವ ಹಂತಕ್ಕೆ ಬಂದಿದ್ದ. "ಅಣ್ಣಾ, ವಕೀಲರು ಕಳಿಸಿರೋ ಟೈಟಲ್ ಪೇಪರಿನಲ್ಲಿ ‘ಪ್ಯಾರಿಷ್ ಆಫ್ ಸೇಂಟ್ ಜಾನ್’ ಅಂತಿದೆ. ಇದೇನು ಚರ್ಚಿನ ಜಾಗವಾ? ನಾಳೆ ಪಾದ್ರಿಗಳು ಬಂದು ಖಾಲಿ ಮಾಡಿ ಅಂದರೆ ಏನು ಗತಿ?" ಅವನ ದಿಗಿಲು ಸುಮ್ಮನೆ ಬಂದದ್ದಲ್ಲ. ಊರಿನಲ್ಲಿ ಅವನ ದೊಡ್ಡಪ್ಪ ಮುಜರಾಯಿ ಜಾಗವನ್ನು ತಿಳಿಯದೆ ಕೊಂಡು ಹನ್ನೆರಡು ವರ್ಷ ಕೋರ್ಟು ಅಲೆದಿದ್ದರು.

ನಾನು ಇಲ್ಲಿ ಸರ್ವೇ ಕಂಪನಿಯೊಂದರಲ್ಲಿ ನಕ್ಷೆ ಬರೆಯುವವನು. ದಿನಕ್ಕೆ ಹತ್ತು ಸಲ ಆ ಪದ ಬರೆಯುತ್ತೇನೆ. "ಚರ್ಚಿಗೂ ಅದಕ್ಕೂ ಸಂಬಂಧ ಇಲ್ಲ ಕಣೋ, ಧೈರ್ಯವಾಗಿ ಸಹಿ ಹಾಕು" ಅಂದೆ. ಫೋನಿಟ್ಟ ಮೇಲೆ, ಸಂಬಂಧ ಇಲ್ಲವೇ ಇಲ್ಲ ಅಂದದ್ದು ಪೂರ್ತಿ ಸರಿಯಾಗಲಿಲ್ಲ ಅನ್ನಿಸಿತು. ಅವತ್ತು ಹೇಳದೆ ಉಳಿಸಿಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಮೊದಲು ಆ ಕಾಗದ ನೋಡೋಣ. ನಿಮ್ಮಲ್ಲಿ ಮನೆ ಕೊಂಡವರ ಹತ್ತಿರ ಇಂಥದ್ದೇ ಒಂದು ಇರುತ್ತದೆ. ಜಮೀನಿನ ವಿವರ ಅಂತ ಒಂದು ಜಾಗವಿದೆ. ಮೊದಲ ಸಾಲಿನಲ್ಲಿ ಲಾಟ್ ನಂಬರು, ಡಿಪಾಸಿಟೆಡ್ ಪ್ಲಾನ್ (ಡಿಪಿ) ನಂಬರು. ನಮ್ಮ ಸರ್ವೇ ನಂಬರು, ಹಿಸ್ಸಾ ಇದ್ದ ಹಾಗೆ ಅಂದುಕೊಳ್ಳಿ. ಅದರ ಕೆಳಗೆ ಬಡಾವಣೆಯ ಹೆಸರು: ಹ್ಯಾರಿಸ್ ಪಾರ್ಕ್. ಅದರ ಕೆಳಗೆ ಕೌನ್ಸಿಲ್ಲಿನ ಹೆಸರು: ಪ್ಯಾರಮಟ್ಟ. ಅದರ ಕೆಳಗೆ ಪ್ಯಾರಿಷ್, ಅಂಥ ಹಲವು ಪ್ಯಾರಿಷ್ ಸೇರಿದ ಕೌಂಟಿ. ಅಂದರೆ ಒಂದೇ ಸೈಟಿಗೆ ಮೂರು ಊರು. ಬಡಾವಣೆ ಅಂಚೆಯವನಿಗೆ ಬೇಕು. ಕೌನ್ಸಿಲ್ಲು ಕಂದಾಯಕ್ಕೂ ಕಸಕ್ಕೂ ಬೇಕು. ಪ್ಯಾರಿಷ್ ಯಾರಿಗೆ ಬೇಕು?

ಸೇಂಟ್ ಜಾನ್ ಅನ್ನುವ ಈ ಪ್ಯಾರಿಷ್ಷಿಗೆ ಕಚೇರಿಯಿಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ, ಚುನಾವಣೆಯಿಲ್ಲ. ಅದರೊಳಗೆ ಬಾಳುವ ಯಾರನ್ನಾದರೂ ನಿಮ್ಮ ಊರು ಯಾವುದು ಅಂತ ಕೇಳಿ, ಒಬ್ಬರೂ ಈ ಹೆಸರು ಹೇಳುವುದಿಲ್ಲ. ಆದರೆ ಅವರ ಕಾಲಡಿಯ ನೆಲವನ್ನು ಕೇಳಿದರೆ ಇದೇ ಹೆಸರು ಹೇಳುತ್ತದೆ.

ನಮ್ಮ ಕಂದಾಯ ಇಲಾಖೆಯಲ್ಲಿ ಬೇಚರಾಕ್ ಗ್ರಾಮ ಅಂತ ಒಂದು ಮಾತಿದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಸರ್ವೇಯರ್ ಆಗಿದ್ದರು, ಅವರ ಬಾಯಲ್ಲಿ ಕೇಳಿದ್ದು. ಗ್ರಾಮದ ಹೆಸರಿದೆ, ನಕ್ಷೆಯಿದೆ, ಸರ್ವೇ ನಂಬರುಗಳಿವೆ, ಪಹಣಿ ಬರುತ್ತದೆ. ಆದರೆ ದೀಪ ಹಚ್ಚುವ ಮನೆ ಒಂದೂ ಇಲ್ಲ. ಆಸ್ಟ್ರೇಲಿಯಾದ ಪ್ಯಾರಿಷ್ಷು ಮೊದಲ ನೋಟಕ್ಕೆ ಹಾಗೇ ಕಾಣುತ್ತದೆ. ಒಂದು ವ್ಯತ್ಯಾಸ ಉಂಟು. ನಮ್ಮಲ್ಲಿ ಅಂಥ ಎಷ್ಟೋ ಊರುಗಳಲ್ಲಿ ಹಿಂದೆ ಜನ ಇದ್ದರು. ಪ್ಲೇಗು ಬಂತು, ನೀರು ಬತ್ತಿತು, ಎದ್ದು ಹೋದರು. ಹಳೇ ಹನುಮಂತರಾಯನ ಗುಡಿಯೊಂದು ಉಳಿದಿರುತ್ತದೆ. ಇಲ್ಲಿ ಮೊದಲು ಹಾಳೆಯ ಮೇಲೆ ಊರನ್ನು ಬರೆದರು, ಆಮೇಲೆ ಊರು ಬರಲಿ ಅಂತ ಕಾದರು. ಜನ ಬಂದರು, ಊರುಗಳೂ ಎದ್ದವು. ಆದರೆ ಬರೆದಿಟ್ಟ ಗೆರೆಯೊಳಗೇ ಏಳಲಿಲ್ಲ.

ಬರೆದವರು ಯಾರು, ಯಾಕೆ?

ಬ್ರಿಟಿಷರ ಮೊದಲ ಹಡಗುಗಳು ಸಿಡ್ನಿಗೆ ಬಂದದ್ದು 1788ರ ಜನವರಿಯಲ್ಲಿ. ಅದೇ ಜೂನ್ 4, ರಾಜನ ಹುಟ್ಟುಹಬ್ಬದ ದಿನ, ಗವರ್ನರ್ ಆರ್ಥರ್ ಫಿಲಿಪ್ ಸುತ್ತಣ ನೆಲಕ್ಕೆ ಕಂಬರ್ಲೆಂಡ್ ಕೌಂಟಿ ಅಂತ ಹೆಸರಿಟ್ಟ. ಆಗ ಅಲ್ಲಿದ್ದದ್ದು ಸಾವಿರ ಚಿಲ್ಲರೆ ಜನ, ಹೆಚ್ಚಿನವರು ಕೈದಿಗಳು. ಊಟಕ್ಕೆ ತತ್ವಾರ. ಆದರೂ ಕೌಂಟಿ ಆಯಿತು. ಈ ನೆಲದಲ್ಲಿ ಸಾವಿರಾರು ವರ್ಷದಿಂದ ಬಾಳಿಕೊಂಡು ಬಂದ ಡರುಗ್ ಮುಂತಾದ ಮೂಲನಿವಾಸಿಗಳಿಗೆ ತಮ್ಮ ನೆಲಕ್ಕೆ ನಾಮಕರಣ ಆದದ್ದು ಗೊತ್ತೇ ಇರಲಿಲ್ಲ.

ಚರ್ಚಿನ ಖರ್ಚಿಗೆ ಅಂತ ಭೂಮಿ ತೆಗೆದಿಡಬೇಕು ಅನ್ನುವ ಆಜ್ಞೆಯೂ ಫಿಲಿಪ್ ಕೈಯಲ್ಲಿತ್ತು. ಸಿಡ್ನಿಯ ಪಕ್ಕದಲ್ಲೇ 400 ಎಕರೆ ಹಾಗೆ ಬಿಟ್ಟರು. ನಮ್ಮಲ್ಲಿ ದೇವಸ್ಥಾನಕ್ಕೆ ಬಿಟ್ಟ ಇನಾಂ ಜಮೀನು ಇದ್ದ ಹಾಗೆ. ಇಂಗ್ಲೆಂಡಿನಲ್ಲಿ ಅಂಥ ಭೂಮಿಯನ್ನು ಗ್ಲೀಬ್ ಅನ್ನುತ್ತಾರೆ. ಇವತ್ತು ವಿಶ್ವವಿದ್ಯಾಲಯದ ಪಕ್ಕದಲ್ಲಿ ಹುಡುಗರು ಕಾಫಿ ಕುಡಿಯುವ ಗ್ಲೀಬ್ ಬಡಾವಣೆ ಅದೇ.

1802ರಲ್ಲಿ ಗವರ್ನರ್ ಕಿಂಗ್ ಎರಡು ಪ್ಯಾರಿಷ್ ಘೋಷಿಸಿದ. ಸಿಡ್ನಿಗೆ ಸೇಂಟ್ ಫಿಲಿಪ್, ಪ್ಯಾರಮಟ್ಟಕ್ಕೆ ಸೇಂಟ್ ಜಾನ್. ಸಂತರ ಹೆಸರೇನೋ ಸರಿ, ಆದರೆ ಮನಸ್ಸಿನಲ್ಲಿದ್ದವರು ಮೊದಲ ಗವರ್ನರ್ ಆರ್ಥರ್ ಫಿಲಿಪ್ ಮತ್ತು ಎರಡನೆಯ ಗವರ್ನರ್ ಜಾನ್ ಹಂಟರ್. ನನ್ನ ಗೆಳೆಯನ ಪೇಪರಿನಲ್ಲಿರುವ ಸಂತ ಒಬ್ಬ ನೌಕಾ ಅಧಿಕಾರಿ. ಇದನ್ನು ಹೇಳಿದಾಗ ಅವನಿಗೆ ಇನ್ನಷ್ಟು ಗಾಬರಿಯಾಯಿತು, ಆ ಮಾತು ಬಿಡಿ.

ಇಂಗ್ಲೆಂಡಿನಲ್ಲಿ ಪ್ಯಾರಿಷ್ ಅಂದರೆ ಬರೀ ಗೆರೆಯಲ್ಲ. ಒಂದು ಚರ್ಚು, ಅದಕ್ಕೆ ಸೇರಿದ ಜನ, ಆ ಜನರ ಹುಟ್ಟು ಸಾವುಗಳ ಪುಸ್ತಕ, ಬಡವರಿಗೆ ಕೊಡುವ ನೆರವು, ಕೆಟ್ಟ ರಸ್ತೆಯ ರಿಪೇರಿ, ಅದಕ್ಕೆಲ್ಲ ಎತ್ತುವ ತೆರಿಗೆ. ಊರಿನ ಸಂಸಾರವೆಲ್ಲ ಅದರ ಮೂಲಕವೇ ನಡೆಯುತ್ತಿತ್ತು. ಲಂಡನ್ನಿನಲ್ಲಿ ಕೂತವರಿಗೆ ಇಲ್ಲೂ ಹಾಗೇ ಆಗಲಿ ಅನ್ನುವ ಆಸೆ. 1825ರಲ್ಲಿ ಲೆಕ್ಕ ಹಾಕಿ ಆಜ್ಞೆ ಕಳಿಸಿದರು: ಇಡೀ ವಸಾಹತನ್ನು ಅಳೆದು ಕೌಂಟಿಗಳಾಗಿ ಒಡೆಯಿರಿ, ಒಂದೊಂದೂ ಸುಮಾರು 40 ಮೈಲಿ ಉದ್ದ, 40 ಮೈಲಿ ಅಗಲ ಇರಲಿ. ಕೌಂಟಿಯನ್ನು 100 ಚದರ ಮೈಲಿಯ ಹಂಡ್ರೆಡ್‌ಗಳಾಗಿ, ಹಂಡ್ರೆಡ್ ಅನ್ನು 25 ಚದರ ಮೈಲಿಯ ಪ್ಯಾರಿಷ್‌ಗಳಾಗಿ ಭಾಗ ಮಾಡಿ. ಒಂದು ಪ್ಯಾರಿಷ್ ಅಂದರೆ 16,000 ಎಕರೆ. ಪ್ರತಿ ಕೌಂಟಿಯ ಏಳನೇ ಒಂದು ಪಾಲು ಭೂಮಿ ಚರ್ಚು ಮತ್ತು ಶಾಲೆಗೆ.

ಈ ಏಳನೇ ಪಾಲನ್ನು ನೋಡಿಕೊಳ್ಳಲು 1826ರಲ್ಲಿ ಒಂದು ನಿಗಮವನ್ನೂ ಮಾಡಿದರು. 1833ರಲ್ಲಿ ಅದನ್ನು ರದ್ದು ಮಾಡಿದರು. ಅದರ ಬೆನ್ನಿಗೆ ಗವರ್ನರ್ ಬೋರ್ಕ್ 1836ರಲ್ಲಿ ಒಂದು ಕಾಯಿದೆ ತಂದು, ಸರ್ಕಾರದ ನೆರವು ಇಂಗ್ಲೆಂಡಿನ ಚರ್ಚಿನವರಾದ ಆಂಗ್ಲಿಕನ್ನರಿಗೆ ಮಾತ್ರವಲ್ಲ, ಕ್ಯಾಥೊಲಿಕ್ಕರಿಗೂ ಪ್ರೆಸ್ಬಿಟೇರಿಯನ್ನರಿಗೂ ಸಿಗುವ ಹಾಗೆ ಮಾಡಿದ. ಒಂದೇ ಚರ್ಚಿಗೆ ಸೇರಿದ ಊರು ಅನ್ನುವ ಕಲ್ಪನೆ ಅಲ್ಲಿಗೆ ಮುಗಿಯಿತು. ಆದರೆ ಅಷ್ಟರಲ್ಲಿ ಸರ್ವೇಯವರು ಸರಪಳಿ ಹಿಡಿದು ಕಾಡಿಗೆ ಹೊರಟಾಗಿತ್ತು. ಗುಡಿ ಕಟ್ಟುವ ಯೋಚನೆ ಬಿಟ್ಟರೂ ಪ್ರಾಕಾರದ ಗೋಡೆ ಏಳುತ್ತಲೇ ಹೋಯಿತು. ಏಳೇಳುತ್ತ ನ್ಯೂ ಸೌತ್ ವೇಲ್ಸ್ ಒಂದರಲ್ಲೇ 141 ಕೌಂಟಿ, ಏಳು ಸಾವಿರದ ನಾನೂರಕ್ಕೂ ಹೆಚ್ಚು ಪ್ಯಾರಿಷ್ ಆದವು. ನಮ್ಮ ಕಂಬರ್ಲೆಂಡಿನಲ್ಲೇ 57. ನಡುವಿನ ಹಂಡ್ರೆಡ್ ಇಲ್ಲಿ ಯಾಕೋ ಹತ್ತಲಿಲ್ಲ. ಕಂಬರ್ಲೆಂಡಿಗೆ 1835ರಲ್ಲಿ ಹದಿಮೂರು ಮಾಡಿ, 1888ರಲ್ಲಿ ತೆಗೆದುಹಾಕಿದರು.

40 ಮೈಲಿ, 25 ಚದರ ಮೈಲಿ ಅಂದ ತಕ್ಷಣ ಚದುರಂಗದ ಮಣೆ ನೆನೆಯಬೇಡಿ. ಹೊಲಕ್ಕೆ ಇಳಿದ ಸರ್ವೇಯರನಿಗೆ ನೇರ ಗೆರೆಗಿಂತ ಹಳ್ಳ, ದಿಬ್ಬದ ನೆತ್ತಿ ಸುಲಭ. ಹಾಗಾಗಿ ಹೆಚ್ಚಿನ ಪ್ಯಾರಿಷ್ಷಿನ ಎಲ್ಲೆ ಹಳ್ಳವನ್ನೇ ಹಿಡಿದು ಹೋಗುತ್ತದೆ. ಹೆಸರಿನ ವಿಷಯದಲ್ಲಿ 1828ರಿಂದ ಸರ್ವೇಯರ್ ಜನರಲ್ ಆಗಿದ್ದ ಥಾಮಸ್ ಮಿಚೆಲ್‌ನನ್ನು ನೆನೆಯಬೇಕು. ಮೂಲನಿವಾಸಿಗಳು ಆ ಜಾಗಕ್ಕೆ ಏನನ್ನುತ್ತಾರೆ ಅಂತ ಕೇಳಿ ಅದನ್ನೇ ಬರೆಯಿರಿ ಅಂತ ತನ್ನ ಸರ್ವೇಯರುಗಳಿಗೆ ಹೇಳಿದ್ದ. ಅವನಿಗೆ ಅನುಕೂಲವೂ ಅದೇ. ಎರಡನೇ ಸಲ ಬರುವವನು ದಾರಿ ಕೇಳಬೇಕಲ್ಲ! ಬರೆದುಕೊಂಡವರ ಕಿವಿಗೆ ಬಿದ್ದ ಹಾಗೆ ಕಾಗುಣಿತ ಓಡಿದೆ, ನಿಜ. ಆದರೂ ಜನರನ್ನು ಎಬ್ಬಿಸಿ ಓಡಿಸಿದ ಎಷ್ಟೋ ಕಡೆ ಅವರ ಮಾತಿನ ಒಂದು ತುಣುಕು ಪ್ಯಾರಿಷ್ಷಿನ ಹೆಸರಾಗಿ ಟೈಟಲ್ ಪೇಪರಿನಲ್ಲಿ ಕೂತಿದೆ. ಇದನ್ನು ಗೌರವ ಅಂತ ಕರೆಯಲು ನನಗೆ ಮನಸ್ಸಿಲ್ಲ. ನೆಲ ತೆಗೆದುಕೊಂಡು ಹೆಸರು ಉಳಿಸಿದರು, ಅಷ್ಟೆ.

ಈಗ ಸರಪಳಿಯ ವಿಷಯಕ್ಕೆ ಬರುತ್ತೇನೆ. ಇದು ನನ್ನ ಇಷ್ಟದ ಭಾಗ, ಸ್ವಲ್ಪ ಸಹಿಸಿಕೊಳ್ಳಿ.

ಇಲ್ಲಿ ಅಳೆದದ್ದು ಗಂಟರ್ ಸರಪಳಿಯಲ್ಲಿ. 66 ಅಡಿ ಉದ್ದ, 100 ಕೊಂಡಿ. 80 ಸರಪಳಿಗೆ ಒಂದು ಮೈಲಿ, 10 ಚದರ ಸರಪಳಿಗೆ ಒಂದು ಎಕರೆ. ಊರಿನಲ್ಲಿ ಅಪ್ಪನ ಕಾಲದಲ್ಲಿ ಹೊಲ ಅಳೆಯುತ್ತಿದ್ದ ಸರಪಳಿ 33 ಅಡಿ, ಹದಿನಾರು ಆಣೆ. ಸರಿಯಾಗಿ ಇದರ ಅರ್ಧ. 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ, ಇದು ನಿಮಗೆ ಗೊತ್ತು. ಇಲ್ಲಿ ಎಕರೆಯನ್ನು 4 ರೂಡ್ ಮಾಡುತ್ತಿದ್ದರು, ರೂಡನ್ನು 40 ಪರ್ಚ್. ಅಂದರೆ ಎಕರೆಗೆ 160 ಪರ್ಚ್. ಭಾಗಿಸಿ ನೋಡಿ: ನಾಲ್ಕು ಪರ್ಚಿಗೆ ಸರಿಯಾಗಿ ಒಂದು ಗುಂಟೆ. ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲ. ಎರಡು ಕಡೆಯೂ ಅಳತೆಯ ಕೋಲು ಒಂದೇ ಮನೆಯಿಂದ ಬಂದದ್ದು. (ಗಂಟರ್ ಅನ್ನುವ ಹೆಸರು ನೋಡಿ ಗುಂಟೆಗೆ ನೆಂಟಸ್ತಿಕೆ ಕಟ್ಟಬೇಡಿ. ನಮ್ಮ ಸಂಘದಲ್ಲಿ ಹಾಗೆ ಹೇಳಿ ಒಂದು ಸಂಜೆ ಜಗಳವೇ ಆಗಿದೆ.)

ಬ್ರಿಸ್ಬೇನಿನಲ್ಲಿ ಮನೆ ಹುಡುಕಿದವರು 405 ಚದರ ಮೀಟರ್, 607 ಚದರ ಮೀಟರ್ ಅನ್ನುವ ಸೈಟುಗಳನ್ನು ಕಂಡಿರುತ್ತೀರಿ. ಇದೇನು ವಿಚಿತ್ರ ಲೆಕ್ಕ, 400 ಅಂತ ಮಾಡಬಾರದಿತ್ತೆ ಅನ್ನಿಸಿರುತ್ತದೆ. 405 ಅಂದರೆ 16 ಪರ್ಚ್, ಅಂದರೆ ನಾಲ್ಕು ಗುಂಟೆ. 607 ಅಂದರೆ ಆರು ಗುಂಟೆ. ಇಲ್ಲಿಯ ಹಳೆಯ ತಲೆಮಾರು ಕನವರಿಸುವ ಕಾಲೆಕರೆ ಸೈಟು ಹತ್ತು ಗುಂಟೆ. ಹಾಗೆಯೇ ನಿಮ್ಮ ಬೀದಿಯ ಪ್ಲಾನಿನಲ್ಲಿ ರಸ್ತೆಯ ಅಗಲ 20.115 ಅಂತ ಇದ್ದರೆ ಅದು ಒಂದು ಸರಪಳಿ. 1970ರ ದಶಕದಲ್ಲೇ ಮೀಟರು ಬಂದರೂ ನೆಲ ಇನ್ನೂ ಸರಪಳಿಯಲ್ಲೇ ಬಿದ್ದುಕೊಂಡಿದೆ.

ಈಗ ಪರದೆಯ ಮೇಲಿರುವುದು ಒಂದು ಪ್ಯಾರಿಷ್ ನಕ್ಷೆ. ಗೌಲ್ಬರ್ನ್ ಕಡೆಯದು, ಆರ್ಗೈಲ್ ಕೌಂಟಿ. ಬಟ್ಟೆಗೆ ಅಂಟಿಸಿದ ದೊಡ್ಡ ಹಾಳೆ. ಭೂಮಿ ಇಲಾಖೆಯ ಕಚೇರಿಯಲ್ಲಿ ಇದು ಗೋಡೆಯ ಚಿತ್ರವಾಗಿರಲಿಲ್ಲ, ದಿನಬಳಕೆಯ ಲೆಕ್ಕದ ಪುಸ್ತಕವಾಗಿತ್ತು. ಯಾರೋ ಭೂಮಿಗೆ ಅರ್ಜಿ ಹಾಕಿದರು, ಗುಮಾಸ್ತ ಹಾಳೆಯ ಮೇಲೆ ಬರೆದ. ರಸ್ತೆ ಮುಚ್ಚಿತು, ಅಡ್ಡಗೆರೆ ಎಳೆದ. ಶಾಲೆಗೆ ಜಾಗ ಬಿಟ್ಟರು, ಬಣ್ಣ ಬಳಿದ. ಹೀಗೆ ಬರೆದೂ ಬರೆದೂ ಹಾಳೆ ತುಂಬಿ, ಮಡಿಕೆಯಲ್ಲಿ ಹರಿದು, ಇನ್ನು ಓದಲು ಆಗುವುದಿಲ್ಲ ಅಂದಾಗ ಹೊಸ ಹಾಳೆಗೆ ನಕಲು ಮಾಡುತ್ತಿದ್ದರು. ಅದು ಮುಂದಿನ ಆವೃತ್ತಿ. ಹಳೆಯದನ್ನು ರದ್ದು ಅಂತ ಮುದ್ರೆ ಹಾಕಿ ಕಪಾಟಿಗೆ ಸೇರಿಸುತ್ತಿದ್ದರು. ಆ ರದ್ದಾದ ಹಾಳೆಗಳೇ ಇವತ್ತು ಚಿನ್ನ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಸರ್ಕಾರ ಜಾಲದಲ್ಲಿ ಪುಕ್ಕಟೆ ಇಟ್ಟಿದೆ. ಒಂದೇ ಪ್ಯಾರಿಷ್ಷಿನ ಹಾಳೆಗಳನ್ನು ಒಂದರ ಮೇಲೊಂದು ತೆರೆದು ನೋಡಿದರೆ ನೂರು ವರ್ಷದ ಮ್ಯುಟೇಶನ್ ಪುಸ್ತಕ ಓದಿದ ಹಾಗೆ.

ಒಂದೊಂದು ತುಂಡಿಗೂ ಒಂದು ನಂಬರು, ಎಕರೆ, ಮೊದಲು ಪಡೆದವನ ಹೆಸರು. ಈ ತುಂಡಿಗೆ ಪೋರ್ಷನ್ ಅನ್ನುತ್ತಾರೆ. ಹಳ್ಳದ ಗುಂಟ ಇರುವ ಈ ಹೆಸರುಗಳನ್ನು ನೋಡಿ. 40 ಎಕರೆ, 40 ಎಕರೆ, 60, ಮತ್ತೆ 40. ಎಲ್ಲವೂ ನೀರಿಗೆ ಮುಖ ಮಾಡಿವೆ. ಹಿಂದೆ ಸಾವಿರಾರು ಎಕರೆ ಖಾಲಿ. ಹೆಸರುಗಳಲ್ಲಿ ಒಂದೇ ಮನೆತನದ ಅಡ್ಡಹೆಸರು ಆರು ಸಲ. ಗಂಡ, ಹೆಂಡತಿ, ಮಗ, ಇನ್ನೊಬ್ಬ ಮಗ.

ಇದರ ಹಿಂದೆ ಒಂದು ಕಾನೂನಿದೆ. ಜಾನ್ ರಾಬರ್ಟ್‌ಸನ್ ಅನ್ನುವ ರಾಜಕಾರಣಿ 1861ರಲ್ಲಿ ತಂದದ್ದು. ಅಲ್ಲಿಯವರೆಗೆ ದೊಡ್ಡ ದೊಡ್ಡ ಕುರಿ ಸಾಹುಕಾರರು ಲಕ್ಷಗಟ್ಟಲೆ ಎಕರೆ ಹಿಡಿದು ಕೂತಿದ್ದರು. ಹೊಸ ಕಾನೂನು, ಯಾರು ಬೇಕಾದರೂ 40ರಿಂದ 320 ಎಕರೆ ಆರಿಸಿಕೊಳ್ಳಬಹುದು ಅಂದಿತು. ಎಕರೆಗೆ ಒಂದು ಪೌಂಡು, ಕಾಲು ಭಾಗ ಮೊದಲು, ಮಿಕ್ಕದ್ದು ಆಮೇಲೆ. ಮೂರು ವರ್ಷ ಅಲ್ಲೇ ವಾಸ ಮಾಡಬೇಕು. ಸರ್ವೇ ಆಗುವ ತನಕ ಕಾಯಬೇಕಾಗಿಲ್ಲ. ಕೇಳಲು ಉಳುವವನೇ ಹೊಲದೊಡೆಯ ಅನ್ನುವ ಹಾಗಿದೆ. ಆಟ ಮಾತ್ರ ಬೇರೆಯಾಯಿತು. ಸಾಹುಕಾರರು ತಮ್ಮ ಕೆಲಸಗಾರರ ಹೆಸರಿನಲ್ಲಿ, ಮನೆಮಕ್ಕಳ ಹೆಸರಿನಲ್ಲಿ ಅರ್ಜಿ ಹಾಕಿಸಿ, ನೀರಿರುವ ತುಂಡುಗಳನ್ನಷ್ಟೇ ಆರಿಸಿ ಹಿಡಿದರು. ನೀರು ಕೈಗೆ ಬಂದ ಮೇಲೆ ಹಿಂದಿನ ಒಣ ನೆಲಕ್ಕೆ ಯಾರು ಬರುತ್ತಾರೆ? ಬೇನಾಮಿ ಅಂತ ನಾವು ಕರೆಯುವುದಕ್ಕೆ ಇಲ್ಲಿಯವರು ಡಮ್ಮಿಯಿಂಗ್ ಅಂತ ಹೆಸರಿಟ್ಟರು. ಚೆನ್ನಾದ ಜಾಗವನ್ನಷ್ಟೇ ಹೆಕ್ಕುವುದಕ್ಕೆ ಪೀಕಾಕಿಂಗ್, ನವಿಲಾಟ ಅಂತಿಟ್ಟುಕೊಳ್ಳಿ. ಯಾವ ತೀರ್ಪೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಹಾಳೆಯ ಮೇಲೆ ಹಳ್ಳ ಹೋದ ಹಾಗೆ ಹೆಸರುಗಳೂ ಹೋಗಿವೆ.

ಇನ್ನೊಂದು ಗುರುತು ತೋರಿಸುತ್ತೇನೆ. ಈ ಮೂಲೆಯಲ್ಲಿ ಸಣ್ಣ ಚೌಕ, ಒಳಗೆ ಮೂಲನಿವಾಸಿಗಳ ಬಳಕೆಗೆ ಕಾದಿರಿಸಿದ್ದು ಅಂತ ಬರಹ, ಗೆಜೆಟ್ಟಿನ ತಾರೀಖು. ಮುಂದಿನ ಆವೃತ್ತಿ ತೆಗೆಯುತ್ತೇನೆ. ಅದೇ ಚೌಕಕ್ಕೆ ಕೆಂಪು ಗೆರೆ, ರದ್ದು. ಅದರ ಮುಂದಿನದರಲ್ಲಿ ಆ ಜಾಗದಲ್ಲಿ ಒಬ್ಬ ರೈತನ ಹೆಸರು. ಮೂರು ಹಾಳೆ, ಅಷ್ಟೇ. ಅಲ್ಲಿದ್ದವರು ಎಲ್ಲಿಗೆ ಹೋದರು ಅಂತ ನಕ್ಷೆ ಹೇಳುವುದಿಲ್ಲ. ಇಂಥ ಜಾಗಗಳು ಈ ರಾಜ್ಯದಲ್ಲಿ ಒಂದೆರಡಲ್ಲ. 1983ರಲ್ಲಿ ನ್ಯೂ ಸೌತ್ ವೇಲ್ಸ್ ಮೂಲನಿವಾಸಿಗಳ ಭೂಹಕ್ಕಿನ ಕಾಯಿದೆ ತಂದಾಗ, 1992ರಲ್ಲಿ ನೆಲದ ಮೇಲೆ ಮೂಲನಿವಾಸಿಗಳ ಹಕ್ಕನ್ನು ಒಪ್ಪಿದ ಮಾಬೊ ತೀರ್ಪು ಬಂದು ಮರುವರ್ಷ ಅದೇ ಹಕ್ಕಿನ ನೇಟಿವ್ ಟೈಟಲ್ ಕಾಯಿದೆ ಆದಾಗ, ಈ ರದ್ದಾದ ಹಾಳೆಗಳನ್ನೆಲ್ಲ ಕಪಾಟಿನಿಂದ ಇಳಿಸಬೇಕಾಯಿತು. ಯಾಕೆಂದರೆ ಒಂದು ತುಂಡು ನೆಲವನ್ನು ಸರ್ಕಾರ ಒಮ್ಮೆ ಪೂರ್ತಿ ಖಾತೆ ಮಾಡಿ ಕೊಟ್ಟಿದ್ದರೆ ಅಲ್ಲಿ ಮೂಲನಿವಾಸಿಗಳ ಹಕ್ಕು ಅಳಿದಿದೆ ಅನ್ನುತ್ತದೆ ಕಾನೂನು. ಕೊಟ್ಟಿತ್ತೋ, ಗುತ್ತಿಗೆಗೆ ಬಿಟ್ಟಿತ್ತೋ, ಸುಮ್ಮನೆ ಇಟ್ಟುಕೊಂಡಿತ್ತೋ ಅಂತ ನೋಡಬೇಕಾದರೆ ಪ್ಯಾರಿಷ್ ನಕ್ಷೆಯ ಹಳೆಯ ಆವೃತ್ತಿಯೇ ಗತಿ. ಗುಮಾಸ್ತನೊಬ್ಬ ನೂರು ವರ್ಷದ ಹಿಂದೆ ಹಾಳೆಯ ಅಂಚಿನಲ್ಲಿ ಬರೆದ ಎರಡು ಅಕ್ಷರದ ಮೇಲೆ ಇವತ್ತು ವಕೀಲರು ವಾದ ಮಾಡುತ್ತಾರೆ.

ಕಾಗದದ ರಸ್ತೆಗಳ ಕತೆ ಸ್ವಲ್ಪ ಹಗುರ. ಪ್ರತಿ ಪೋರ್ಷನ್ನಿಗೂ ದಾರಿ ಇರಲಿ ಅಂತ ಒಂದು ಸರಪಳಿ ಅಗಲದ ರಸ್ತೆಗಳನ್ನು ನಕ್ಷೆಯಲ್ಲಿ ಬಿಟ್ಟರು. ಕೆಲವು ನೇರ ಬಂಡೆ ಹತ್ತುತ್ತವೆ, ಕೆಲವು ಕೆರೆಯೊಳಗೆ ಇಳಿಯುತ್ತವೆ. ಕೂತಲ್ಲೇ ಸ್ಕೇಲು ಇಟ್ಟು ಎಳೆದದ್ದು. ಯಾರೂ ಆ ರಸ್ತೆ ಮಾಡಲಿಲ್ಲ, ಬೇಲಿ ಹಾಕಿ ಕುರಿ ಮೇಯಿಸಿಕೊಂಡರು. ಆದರೆ ಕಾನೂನಿನಲ್ಲಿ ಅದು ಇವತ್ತಿಗೂ ಸರ್ಕಾರದ ರಸ್ತೆ. ಮೂರು ವರ್ಷದ ಹಿಂದೆ ಅಂಥ ಒಂದು ದಾರಿಯನ್ನು ಗುರುತಿಸಲು ನಾನೂ ನಮ್ಮ ಸರ್ವೇಯರರೂ ಹೋಗಿದ್ದೆವು. ಹಳೆಯ ಪ್ಲಾನಿನಲ್ಲಿ ಮೂಲೆಯ ಗುರುತು ಅಂತ ಒಂದು ಮರ ತೋರಿಸಿತ್ತು. ಇಲ್ಲಿ ಬಾಂದು ಕಲ್ಲಿಗೆ ಬದಲು ಗೂಟ, ಆ ಗೂಟ ಕಳೆದುಹೋದರೆ ಇರಲಿ ಅಂತ ಹತ್ತಿರದ ಮರದ ತೊಗಟೆ ಸುಲಿದು, ಒಳಗಿನ ಕಟ್ಟಿಗೆಗೆ ಬಾಣದ ಗುರುತೂ ನಂಬರೂ ಕೆತ್ತುತ್ತಿದ್ದರು. ಬಾಣ ಅಂದರೆ ರಾಜನ ಆಸ್ತಿ. ಮರ ಸಿಕ್ಕಿತು, ಸತ್ತು ಬೂದು ಬಣ್ಣಕ್ಕೆ ತಿರುಗಿತ್ತು. ಗುರುತು ಕಾಣಲಿಲ್ಲ. ನಮ್ಮ ಹಿರಿಯ ಸರ್ವೇಯರರು ಕೈಯಿಂದ ಸವರಿ, ಊದಿಕೊಂಡ ಒಂದು ಕಡೆ ಬೆರಳಿಟ್ಟು "ಇಲ್ಲಿ" ಅಂದರು. ಗಾಯದ ಮೇಲೆ ತೊಗಟೆ ಮತ್ತೆ ಬೆಳೆದು ಮುಚ್ಚಿಕೊಂಡಿತ್ತು. ಒಳಗಿನ ಕೆತ್ತನೆ ಅಲ್ಲೇ ಇರುತ್ತದೆ, ಆದರೆ ನಾವು ಅದನ್ನು ಒಡೆದು ನೋಡಲಿಲ್ಲ. ಅಳತೆ ಹಿಡಿದರೆ ಪ್ಲಾನಿನ ಲೆಕ್ಕಕ್ಕೂ ಮರಕ್ಕೂ ಒಂದು ಗೇಣಿನ ವ್ಯತ್ಯಾಸ. ನೂರ ಮೂವತ್ತು ವರ್ಷದ ಹಿಂದೆ ಕುರುಚಲು ಕಾಡಿನಲ್ಲಿ ಸರಪಳಿ ಎಳೆದವನ ಕೆಲಸ ಅದು.

ಮೆಲ್ಬರ್ನಿನಲ್ಲಿ ನಿಮ್ಮ ನೆಂಟರಿದ್ದರೆ ಅವರಿಗೂ ಒಂದು ಮಾತು. ವಿಕ್ಟೋರಿಯಾ 1851ರಲ್ಲಿ ಬೇರೆಯಾದರೂ ಪ್ಯಾರಿಷ್ಷನ್ನು ಕಟ್ಟಿಕೊಂಡೇ ಹೋಯಿತು. ಅಲ್ಲಿಯ ಸೈಟಿನ ಪ್ಲಾನಿನ ಮೊದಲ ಪುಟದಲ್ಲೇ ಪ್ಯಾರಿಷ್ ಅನ್ನುವ ಕಾಲಂ ಇರುತ್ತದೆ. ನಮ್ಮವರು ಸಾಲುಸಾಲಾಗಿ ಮನೆ ಕಟ್ಟಿರುವ ಟಾರ್ನೀಟ್, ಟ್ರುಗನೈನಾ ಇವೆರಡೂ ಮೊದಲು ಪ್ಯಾರಿಷ್‌ಗಳು, ಬೋರ್ಕ್ ಕೌಂಟಿಯವು. ಹೊಲದ ಹೆಸರಾಗಿ ನೂರು ವರ್ಷಕ್ಕೂ ಮಿಗಿಲಾಗಿ ಮಲಗಿದ್ದು, ಬಡಾವಣೆಯ ಹೆಸರಾಗಿ ಎದ್ದವು. ಎಲ್ಲದಕ್ಕೂ ಈ ಭಾಗ್ಯ ಸಿಗಲಿಲ್ಲ. ಫುಟ್ಸ್‌ಕ್ರೇ ಇರುವ ಪ್ಯಾರಿಷ್ಷಿನ ಹೆಸರು ಕಟ್ ಪಾ ಪಾ. ಕೇಳಿದರೆ ಪಪ್ಪಾಯಿ ಹೆಚ್ಚಿದ ಹಾಗಿದೆ, ಆದರೆ ಅದೂ ಅಲ್ಲಿಯ ಮೂಲನಿವಾಸಿಗಳ ನುಡಿಯದೇ.

ದಕ್ಷಿಣ ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. ನಾವು ಬಿಟ್ಟ ಹಂಡ್ರೆಡ್ ಅನ್ನು ಅವರು ಎತ್ತಿಕೊಂಡರು. ಹಂಡ್ರೆಡ್ ಅಂದರೆ ನೂರು. ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಅಂತ ನಾಡಿಗೆ ಅಂಕಿ ಹಚ್ಚಿದ ಶಾಸನಗಳನ್ನು ಓದಿದ ನಮಗೆ ಇದು ವಿಚಿತ್ರ ಅನ್ನಿಸಬಾರದು. ಅಲ್ಲಿ ಒಂದು ಪ್ರದೇಶವನ್ನು ಹಂಡ್ರೆಡ್ ಅಂತ ಘೋಷಿಸಿದರೆ ಅದು ಬೇಸಾಯಕ್ಕೆ ತೆರೆಯಿತು ಅಂತ ಅರ್ಥ. 1865ರಲ್ಲಿ ದೊಡ್ಡ ಬರ ಬಂದಾಗ ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಕುದುರೆ ಏರಿ ಹೋಗಿ, ಬರ ಎಲ್ಲಿಯವರೆಗೆ ತಟ್ಟಿದೆ ಅಂತ ಗಿಡಗಂಟೆ ನೋಡಿಯೇ ಒಂದು ಗೆರೆ ಹಾಕಿದ. ಈ ಗೆರೆಯ ಉತ್ತರಕ್ಕೆ ಗೋಧಿ ಬಿತ್ತಬೇಡಿ ಅನ್ನುವುದು ಅದರ ಅರ್ಥ. ಆಮೇಲೆ ಕೆಲವು ವರ್ಷ ಮಳೆ ಚೆನ್ನಾಯಿತು. ನೇಗಿಲು ಹೋದ ಕಡೆ ಮಳೆ ಹಿಂಬಾಲಿಸುತ್ತದೆ ಅನ್ನುವ ಮಾತು ಹುಟ್ಟಿತು. 1874ರಲ್ಲಿ ಆ ತಡೆ ತೆಗೆದು ಗೆರೆಯಾಚೆಗೂ ಹಂಡ್ರೆಡ್ ಘೋಷಿಸುತ್ತ ಹೋದರು. ಫರೀನಾ ಅಂತ ಒಂದು ಊರನ್ನೇ ಕಟ್ಟಿದರು, ಲ್ಯಾಟಿನ್ನಿನಲ್ಲಿ ಹಿಟ್ಟು ಅಂತ ಅರ್ಥ. 1880ರ ದಶಕದಲ್ಲಿ ಮಳೆ ಕೈಕೊಟ್ಟಿತು. ಜನ ಮನೆಗಳನ್ನು ಬಿಟ್ಟು ದಕ್ಷಿಣಕ್ಕೆ ಹೊರಟರು. ಇವತ್ತು ಆ ಕಡೆ ಹೋದರೆ ಮಾಡಿಲ್ಲದ ಕಲ್ಲು ಮನೆಗಳು ಹೆಜ್ಜೆಗೊಂದು ಕಾಣುತ್ತವೆ. ಹಂಡ್ರೆಡ್‌ಗಳ ಹೆಸರು ಮಾತ್ರ ನಕ್ಷೆಯಲ್ಲಿವೆ. ಅವು ನಿಜವಾದ ಬೇಚರಾಕ್.

ಪಶ್ಚಿಮ ಆಸ್ಟ್ರೇಲಿಯಾ ಈ ಗೋಜಿಗೆ ಹೆಚ್ಚು ಬೀಳಲಿಲ್ಲ. ಲ್ಯಾಂಡ್ ಡಿಸ್ಟ್ರಿಕ್ಟ್ ಅಂತ ಮಾಡಿಕೊಂಡು ಸುಮ್ಮನಾಯಿತು.

ನಿಮ್ಮಲ್ಲಿ ಒಬ್ಬರು ಆಗಲೇ ಕೈಯೆತ್ತಿದ್ದರು: ಪ್ಯಾರಿಷ್ಷಿಗೇ ಯಾಕೆ ಪಂಚಾಯ್ತಿಯ ಅಧಿಕಾರ ಕೊಡಲಿಲ್ಲ? ನನಗೆ ತೋಚಿದ್ದು ಹೇಳುತ್ತೇನೆ. ಇಲ್ಲಿ ಜನ ಸೇರಿದ್ದು ರೈಲು ನಿಂತ ಕಡೆ, ಗಣಿ ಸಿಕ್ಕ ಕಡೆ, ಹೊಳೆ ದಾಟುವ ಕಡೆ. ಅಂಥ ಪೇಟೆ ಎರಡು ಮೂರು ಪ್ಯಾರಿಷ್ಷಿನ ಮೇಲೆ ಕೂತಿರುತ್ತದೆ, ಯಾಕೆಂದರೆ ಹಳ್ಳವೇ ಎಲ್ಲೆ. ಅದರ ಪಕ್ಕದಲ್ಲೇ ಹತ್ತು ಪ್ಯಾರಿಷ್ಷಿನಲ್ಲಿ ಹತ್ತು ಕುರಿ ಕಾಯುವವರೂ ಇಲ್ಲ. ಹಾಗಾಗಿ ಮುನಿಸಿಪಾಲಿಟಿಗಳು, ಹಳ್ಳಿಗಾಡಿನ ಕೌನ್ಸಿಲ್ಲುಗಳಾದ ಶೈರುಗಳು ಬಂದಾಗ ಅವಕ್ಕೆ ಬೇರೆಯೇ ಗೆರೆ ಎಳೆದರು. ಆ ಗೆರೆಗಳನ್ನು ಸರ್ಕಾರ ಆಗಾಗ ಅಳಿಸಿ ಕೂಡಿಸುತ್ತಲೂ ಇದೆ. ಬಡಾವಣೆಯ ಹೆಸರೂ ಬದಲಾಗುತ್ತದೆ. ಪ್ಯಾರಿಷ್ಷಿನ ಗೆರೆಯ ಮೇಲೆ ಯಾರಿಗೂ ಕಣ್ಣಿಲ್ಲ, ಅದಕ್ಕೇ ಅದು ಇದ್ದ ಹಾಗೇ ಇದೆ. ಕಂಪ್ಯೂಟರು ಬಂದಾಗ ಹಳೆಯ ಪೋರ್ಷನ್ನುಗಳಿಗೆ ಪ್ಯಾರಿಷ್ಷಿಗೊಂದರಂತೆ ಡಿಪಿ ನಂಬರು ಕೊಟ್ಟರು. ಹಳ್ಳಿಗಾಡಿನ ಜಮೀನಿನ ಡಿಪಿ ನಂಬರು 75ರಿಂದ ಶುರುವಾಗಿ ಆರಂಕಿ ಇದ್ದರೆ ಹೆಚ್ಚಿನ ಪಾಲು ಅದು ಇಡೀ ಒಂದು ಪ್ಯಾರಿಷ್ಷು ಅಂಕಿಯ ವೇಷ ಹಾಕಿ ನಿಂತದ್ದು.

ಕೊನೆಗೆ ಒಬ್ಬ ಹಿರಿಯರು, ಟೂಂಗಾಬಿಯಲ್ಲಿ ಮನೆ ಮಾಡಿರುವವರು, "ನಮ್ಮ ಮನೆ ಯಾವ ಪ್ಯಾರಿಷ್ಷು ನೋಡಿ ಹೇಳಿ ಸಾರ್" ಅಂದರು. ಪರದೆಯ ಮೇಲೇ ತೆರೆದೆವು. ಹಳೆಯ ಹಾಳೆಯ ಮೇಲೆ ಇವತ್ತಿನ ಬೀದಿಗಳನ್ನು ಹೊಂದಿಸಿದರೆ ಅವರ ಸೈಟು ಒಂದು ದೊಡ್ಡ ಪೋರ್ಷನ್ನಿನ ಮೂಲೆಯಲ್ಲಿ ಬಿತ್ತು. ಎಲ್ಲರೂ ಮುಂದೆ ಬಾಗಿ ನೋಡುತ್ತಿದ್ದಾಗ ಅವರ ಮನೆಯವರೇ ಮೊದಲು ಕಂಡದ್ದು: ಸಣ್ಣ ಚುಕ್ಕೆಗಳ ಒಂದು ಸಾಲು, ಮಳೆಗಾಲದಲ್ಲಿ ಹರಿಯುವ ತೊರೆಯ ಗುರುತು, ಸೀದಾ ಅವರ ಗ್ಯಾರೇಜಿನ ಮೇಲೆ ಹಾದುಹೋಗಿತ್ತು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಪ್ಲಂಬರಿಗೆ ಮೂರು ಸಲ ದುಡ್ಡು ಕೊಟ್ಟೆನಲ್ಲ ಸಾರ್" ಅಂದರು. "ಪೈಪು ಸರಿಯಾಗೇ ಇದೆ ಅಂತ ಅವನು ಮೂರು ಸಲವೂ ಹೇಳಿದ್ದ" ಅಂದರು ಅವರ ಮನೆಯವರು.